ರಬ್ಬರ್ ಗುಂಡಿಯ ಕಂಪ್ಯೂಟರು

ನಮ್ಮ ಮನೆಯ ನಡುಕೋಣೆಗೆ ಎರಡು ಬಾಗಿಲು, ಒಂದು ಕಿಟಕಿ. ಒಂದು ಬಾಗಿಲು ಪಡಸಾಲೆಗೆ ತೆರೆಯುತ್ತಿತ್ತು, ಇನ್ನೊಂದು ಅಡುಗೆಮನೆಗೆ. ಹೊರಗೆ ಹೋಗುವ ಬಾಗಿಲು ಆ ಕೋಣೆಗೆ ಇರಲಿಲ್ಲ. ಕಿಟಕಿಯಲ್ಲಿ ನಿಂತರೆ ಕಾಫಿ ಒಣಗಿಸುವ ಕಣ, ಅದರಾಚೆ ಗೇಟು, ಗೇಟಿನಾಚೆ ವನಗೂರಿನ ರಸ್ತೆಗೆ ಇಳಿಯುವ ಕಲ್ಲುದಾರಿಯ ಒಂದು ತುಂಡು ಕಾಣುತ್ತಿತ್ತು. ಬಾಲ್ಯ ಮುಗಿಯಿತು ಎಂದು ಹೆಣ್ಣುಮಕ್ಕಳ ಪರವಾಗಿ ಮನೆಯವರೇ ತೀರ್ಮಾನ ಮಾಡಿಬಿಡುವ ವಯಸ್ಸೊಂದಿದೆ. ಆ ವಯಸ್ಸನ್ನು ನಾನು ಕಳೆದದ್ದು ಈ ಕೋಣೆಯಲ್ಲಿ. ಈಗಲೂ ಯಾರಾದರೂ ನನಗೆ, ಮಲೆನಾಡಲ್ಲಿ ಬೆಳೆದವರು ನೀವು, ಎಂಥಾ ಕಾಡು, ಎಂಥಾ ಗುಡ್ಡ, ಎಷ್ಟು ಸ್ವಾತಂತ್ರ್ಯ ಎಂದರೆ ಮೈಯೆಲ್ಲ ಉರಿಯುತ್ತದೆ. ಗುಡ್ಡ ಇತ್ತು, ಇಲ್ಲವೆನ್ನುವುದಿಲ್ಲ. ಅದನ್ನು ನಾನು ಕಿಟಕಿಯ ಸರಳುಗಳ ನಡುವಿನಿಂದ ಚೆನ್ನಾಗಿಯೇ ನೋಡಿದ್ದೇನೆ.

ಇದಕ್ಕೆಲ್ಲ ಕಾರಣ ಸುಮಿತ್ರಕ್ಕ ಎಂದು ಮನೆಯಲ್ಲಿ ಹೇಳುತ್ತಿದ್ದರು. ನಾನೂ ಬಹಳ ಕಾಲ ಹಾಗೇ ನಂಬಿ ಅವಳ ಮೇಲೆ ಹಲ್ಲು ಕಡಿಯುತ್ತಿದ್ದೆ. ನನಗಿಂತ ದೊಡ್ಡವಳು, ಸಕಲೇಶಪುರದಲ್ಲಿ ಪಿಯುಸಿ ಓದುತ್ತಿದ್ದಳು. ನಮ್ಮ ಕಡೆ ಬಾಡಿಗೆ ಜೀಪು ಓಡಿಸುತ್ತಿದ್ದ ಹುಡುಗನೊಬ್ಬನ ಜೊತೆ ಒಂದು ದಿನ ಹೊರಟುಹೋದಳು. ಅಪ್ಪ ಹುಡುಕಲು ಹೋಗಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಗೋಡೆಯ ಮೇಲಿದ್ದ ಅವಳ ಫೋಟೋ ಇಳಿಯಿತು, ಅವಳು ಉಣ್ಣುತ್ತಿದ್ದ ತಟ್ಟೆ ಅಟ್ಟ ಸೇರಿತು, ಅವಳ ಹೆಸರು ಹೇಳುವುದು ನಿಂತಿತು. ಅಕ್ಕ ಈಗಲೂ ಅದೇ ಮನುಷ್ಯನ ಜೊತೆ ಇದ್ದಾಳೆ. ಅವನ ತಲೆ ಪೂರಾ ಬೋಳಾಗಿದೆ, ಇಬ್ಬರೂ ದಿನಾ ಕಿತ್ತಾಡಿಕೊಂಡು ಚೆನ್ನಾಗಿಯೇ ಇದ್ದಾರೆ. ಅವಳು ಹೋದ ಆ ಬೇಸಿಗೆಯಲ್ಲಿ ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ್ದೆ. ಎಂಟಕ್ಕೆ ಹೆತ್ತೂರಿನ ಹೈಸ್ಕೂಲಿಗೆ ಹೋಗಬೇಕಿತ್ತು. ಹೆತ್ತೂರಿಗೆ ಹೋಗುವುದು ಎಂದರೆ ದಿನಾ ಬಾಡಿಗೆ ಜೀಪು ಹತ್ತುವುದು. ಅಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದರು:

“ಓದಿದ್ದು ಸಾಕು ಕಣವ್ವ. ಒಬ್ಳನ್ನ ಜೀಪ್ ಹತ್ತಿಸಿ ಕಳಿಸಿದ್ದಕ್ಕೆ ಏನಾಯ್ತು ಅಂತ ನೋಡಾಯ್ತಲ್ಲ. ನೀನು ಮನೇಲೇ ಇರು. ನಿಂಗೇನು ಬೇಕೋ ಕೇಳು, ತಂದ್ಕೊಡ್ತೀನಿ.”

ಅಪ್ಪ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಹೊಡೆಯುವವರಲ್ಲ, ಕುಡಿಯುವವರಲ್ಲ. ಸಕಲೇಶಪುರಕ್ಕೆ ಹೋದಾಗಲೆಲ್ಲ ನನಗೆ ಬಳೆ, ರಿಬ್ಬನ್ನು, ಬೆಣ್ಣೆ ಬಿಸ್ಕತ್ತು ತರುತ್ತಿದ್ದರು. ನಮ್ಮದು ದೊಡ್ಡ ಎಸ್ಟೇಟ್ ಅಲ್ಲ, ಮನೆಯವರೇ ದುಡಿಯಬೇಕಾದ ಸಣ್ಣ ತೋಟ. ಬೆಳಗಿನಿಂದ ಗಿಡಗಳ ನಡುವೆ ಬೆವರಿಳಿಸಿ ಬಂದ ಮನುಷ್ಯ, ತಟ್ಟೆಯ ಮುಂದೆ ಕೂತು ಮೊದಲು ಕೇಳುತ್ತಿದ್ದ ಮಾತು ‘ನಳಿನಿ ಉಂಡ್ಲಾ?’ ಎಂದೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಂಥ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡರೆ ನಾನೇ ಕೆಟ್ಟವಳು ಅನ್ನಿಸುತ್ತಿತ್ತು. ಕಸ ಗುಡಿಸಿ, ಪಾತ್ರೆ ತೊಳೆದು, ಅಜ್ಜಿಗೆ ಎಲೆ ಅಡಿಕೆ ಕುಟ್ಟಿಕೊಟ್ಟು ಕಿಟಕಿಗೆ ಬಂದು ನಿಂತರೆ, ನನ್ನ ಓರಗೆಯ ಹುಡುಗಿಯರು ನೀಲಿ ಲಂಗ ಹಾಕಿಕೊಂಡು ಕಲ್ಲುದಾರಿಯಲ್ಲಿ ಇಳಿದುಹೋಗುವುದು ಕಾಣುತ್ತಿತ್ತು. ಅವರು ಮೊದಮೊದಲು ಕಿಟಕಿಯ ಕಡೆ ಕೈ ಬೀಸುತ್ತಿದ್ದರು. ಆಮೇಲೆ ಅದನ್ನೂ ಮರೆತರು.

ಅಂಥ ಹೊತ್ತಿನಲ್ಲಿ ರಮೇಶ ಮಾವ ಬಂದರು. ಅವ್ವನ ತಮ್ಮ. ಹಡಗಿನಲ್ಲಿ ರೇಡಿಯೋ ನೋಡಿಕೊಳ್ಳುವ ಕೆಲಸ. ಆರೇಳು ತಿಂಗಳಿಗೊಮ್ಮೆ ರಜೆಗೆ ಬಂದರೆ ಸೋಪು, ಸೆಂಟು, ಚಾಕಲೇಟಿನ ಪರಿಮಳ ಹೊತ್ತ ಚೀಲದೊಂದಿಗೆ ನಮ್ಮ ಮನೆಗೆ ಬಂದೇ ಹೋಗುತ್ತಿದ್ದರು. ಆ ಸಲ ಚೀಲದಿಂದ ಬಟ್ಟೆ ಸುತ್ತಿದ ಒಂದು ಚಪ್ಪಟೆ ಪೆಟ್ಟಿಗೆ ತೆಗೆದರು. ಹಡಗಿನಲ್ಲಿ ಜೊತೆಗಿದ್ದ ಯಾರೋ ಹಳೆಯದಾಯಿತೆಂದು ಕೊಟ್ಟದ್ದಂತೆ. ಕಪ್ಪು ಬಣ್ಣ, ದಪ್ಪ ಪುಸ್ತಕದಷ್ಟು ಗಾತ್ರ, ಮೇಲೆ ಬೂದು ಬಣ್ಣದ ರಬ್ಬರ್ ಗುಂಡಿಗಳು. ಒತ್ತಿದರೆ ಬೇಯಿಸಿದ ಹಲಸಿನ ಬೀಜ ಒತ್ತಿದ ಹಾಗೆ ಮೆತ್ತಗೆ ಒಳಗೆ ಹೋಗಿ ಮೇಲೆ ಬರುತ್ತಿದ್ದವು.

“ಇದು ಕಂಪ್ಯೂಟರು ಬಾವ,” ಎಂದರು ಮಾವ ಅಪ್ಪನಿಗೆ. “ಹುಡುಗಿ ಸುಮ್ನೆ ಕೂತವ್ಳಲ್ಲ, ಅದಕ್ಕೆ ತಂದೆ. ಇದನ್ನ ಕಲಿತರೆ ಮುಂದಕ್ಕೆ ಶಾಲೆಗೆ ಸೇರೋಕೂ ಧೈರ್ಯ ಬರ್ತದೆ.”

“ಬಾಕಿ ಎಲ್ಲಿ?” ಎಂದು ಅಪ್ಪ ಕೇಳಿದರು. ಕಂಪ್ಯೂಟರು ಎಂದರೆ ಕೋಣೆ ತುಂಬ ಇರುವ ಬೀರುಗಳು ಎಂದು ಅವರು ಎಲ್ಲೋ ನೋಡಿದ್ದರು.

“ಇಷ್ಟೇ. ಎಲ್ಲಾ ಇದರೊಳಗೇ ಐತೆ.”

ನಿಜಕ್ಕೂ ಎಲ್ಲ ಅದರೊಳಗೇ ಇತ್ತು. ಇಂದು ಪಾಲಿಟೆಕ್ನಿಕ್ಕಿನಲ್ಲಿ ಇಲೆಕ್ಟ್ರಾನಿಕ್ಸ್ ಪಾಠ ಮಾಡುವ ನಾನು, ಅಷ್ಟು ಕಂಜೂಸಾಗಿ ಅಷ್ಟು ಜಾಣತನದಿಂದ ಮಾಡಿದ ವಸ್ತುವನ್ನು ಬೇರೆ ನೋಡಿಲ್ಲ. ಅದನ್ನು ಮಾಡಿದವರಿಗೆ ಏನು ಬೇಕು ಎನ್ನುವುದಕ್ಕಿಂತ ಏನಿಲ್ಲದೆ ನಡೆಯುತ್ತದೆ ಎನ್ನುವುದೇ ಮುಖ್ಯವಾಗಿತ್ತು. ಪರದೆ ಬೇಡ, ಮನೆಯ ಟೀವಿಗೆ ಸಿಕ್ಕಿಸಿ. ಬರೆದದ್ದನ್ನು ಉಳಿಸಲು ಬೇರೆ ಸಾಧನ ಬೇಡ, ಮನೆಯ ಟೇಪ್ ರೆಕಾರ್ಡರಿನ ಕ್ಯಾಸೆಟ್ಟು ಸಾಕು. ಫ್ಯಾನು ಬೇಡ, ಒಳಗೊಂದು ಅಲ್ಯೂಮಿನಿಯಂ ತಗಡು ಇಟ್ಟರೆ ಅದೇ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸ್ವಿಚ್ಚು ಕೂಡ ಇರಲಿಲ್ಲ. ವಯರು ಸಿಕ್ಕಿಸಿದರೆ ಎದ್ದು ಕೂರುತ್ತಿತ್ತು, ಕಿತ್ತರೆ ಅಲ್ಲಿಯವರೆಗೆ ಕಲಿಸಿದ್ದನ್ನೆಲ್ಲ ಮರೆತು ಮಲಗುತ್ತಿತ್ತು. ಒಂದೊಂದು ಗುಂಡಿಯ ಮೇಲೂ ಸುತ್ತಲೂ ಐದಾರು ಪದ ಅಚ್ಚಾಗಿದ್ದವು. ಒಂದು ಸಲ ಒತ್ತಿದರೆ ಒಂದು ಇಡೀ ಇಂಗ್ಲಿಷ್ ಪದ ಪರದೆಯ ಮೇಲೆ ಬಂದು ಬೀಳುತ್ತಿತ್ತು. ನನ್ನ ಹಾಗೆ ಸ್ಪೆಲ್ಲಿಂಗ್ ಬಾರದವಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಮಾವ ಹೇಳಿಕೊಟ್ಟ ಹಾಗೆ ನಾನು ಮೊದಲು ಮಾಡಿಸಿದ್ದು ನನ್ನ ಹೆಸರನ್ನು ಪರದೆಯ ತುಂಬ ಬರೆಯುವ ಕೆಲಸ. ನಳಿನಿ, ನಳಿನಿ, ನಳಿನಿ ಎಂದು ಇಂಗ್ಲಿಷಿನಲ್ಲಿ ಸಾಲು ಸಾಲಾಗಿ ಮೇಲಿನಿಂದ ಕೆಳಗೆ ಇಳಿದು ಬಂದಾಗ ನನಗೆ ಅಳುವೇ ಬಂತು. ಶಾಲೆ ಬಿಟ್ಟ ಮೇಲೆ ನನ್ನ ಹೆಸರನ್ನು ಯಾರೂ ಬರೆದಿರಲಿಲ್ಲ.

ಟೀವಿ ಇದ್ದದ್ದು ಪಡಸಾಲೆಯಲ್ಲಿ. ಕರೆಂಟು ಹೋದರೆ ಅಪ್ಪ ತೋಟದ ಕೆಲಸಕ್ಕಿದ್ದ ನಮ್ಮ ಹಳೇ ಜೀಪಿನ ಬ್ಯಾಟರಿ ಕಳಚಿ ತಂದು ಅದಕ್ಕೆ ಸಿಕ್ಕಿಸಿ ವಾರ್ತೆ ನೋಡುತ್ತಿದ್ದರು. ಅಷ್ಟು ಪ್ರೀತಿ ಅದರ ಮೇಲೆ. ಆದರೆ ಪಡಸಾಲೆಯಲ್ಲಿ ನಾನು ಕೂತರೆ ಬಂದುಹೋಗುವವರ ಕಣ್ಣಿಗೆ ಬೀಳುತ್ತೇನೆ. ಅಪ್ಪ ಒಂದು ಗಳಿಗೆ ಯೋಚಿಸಿ, ತಾವೇ ಟೀವಿಯನ್ನು ಎತ್ತಿಕೊಂಡು ಬಂದು ನಡುಕೋಣೆಯಲ್ಲಿಟ್ಟರು. ಆಮೇಲೆ ವಾರ್ತೆ ನೋಡಬೇಕಾದರೆ ಅವರೇ ಒಳಗೆ ಬಂದು ನನ್ನ ಮಂಚದ ತುದಿಯಲ್ಲಿ ಮುದುರಿ ಕೂರುತ್ತಿದ್ದರು. ಮಗಳಿಗಾಗಿ ಅಪ್ಪ ಪಡಸಾಲೆಯ ಟೀವಿಯನ್ನೇ ಬಿಟ್ಟುಕೊಟ್ಟರು ಎಂದು ನೆಂಟರೆಲ್ಲ ಹೊಗಳಿದರು. ನನಗೂ ಹೆಮ್ಮೆಯಾಯಿತು. ಕಪ್ಪು ಬಿಳುಪು ಟೀವಿ ಅದು. ಕಂಪ್ಯೂಟರು ಕಳಿಸುತ್ತಿದ್ದ ಕೆಂಪು, ಹಸಿರು, ನೀಲಿ ಎಲ್ಲವೂ ನಮ್ಮ ಮನೆಯಲ್ಲಿ ಬೂದಿಯ ಬೇರೆ ಬೇರೆ ಬಣ್ಣಗಳಾಗಿ ಕಾಣುತ್ತಿದ್ದವು.

ಮಾವ ರಜೆಯಲ್ಲಿದ್ದಷ್ಟು ದಿನ ಕಾಗದದ ಮೇಲೆ ಚೌಕಗಳನ್ನು ಬರೆದು ಅದರ ಒಳಗಿನ ಸಂಸಾರವನ್ನು ವಿವರಿಸಿದರು. ಲೆಕ್ಕ ಮಾಡುವ ಚಿಪ್ಪು ಎಂಬ ಪುಟ್ಟ ಕಪ್ಪು ಬಿಲ್ಲೆ ಒಂದು, ಅದು ಪ್ರೊಸೆಸರ್. ಪರದೆಯ ಮೇಲೆ ಚಿತ್ರ ಬರೆಯುವುದು, ಗುಂಡಿ ಒತ್ತಿದ್ದು ಗಮನಿಸುವುದು, ಸದ್ದು ಮಾಡುವುದು, ಎಲ್ಲವನ್ನೂ ನೋಡಿಕೊಳ್ಳುವ ಯಜಮಾನ ಚಿಪ್ಪು ಇನ್ನೊಂದು. ಬೇರೆ ಯಂತ್ರಗಳಲ್ಲಿ ಹತ್ತಾರು ಚಿಪ್ಪು ಮಾಡುವ ಕೆಲಸ ಇಲ್ಲಿ ಅದೊಂದರ ಪಾಲಿಗೆ. ತೊಂದರೆ ಏನೆಂದರೆ, ಇಬ್ಬರಿಗೂ ಸೇರಿ ಇದ್ದದ್ದು ಒಂದೇ ನೆನಪಿನ ಕಣಜ. ಚಿತ್ರ ಬರೆಯಲು ಯಜಮಾನ ಆ ಕಣಜಕ್ಕೆ ಕೈ ಹಾಕಿದಾಗ ಪ್ರೊಸೆಸರೂ ಕೈ ಹಾಕಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೆ ಯಜಮಾನ ಮಾಡುವ ಉಪಾಯ ಸರಳವಾದದ್ದು. ಪ್ರೊಸೆಸರಿನ ಗಡಿಯಾರವನ್ನೇ ನಿಲ್ಲಿಸಿಬಿಡುತ್ತಾನೆ. ತನ್ನ ಕೆಲಸ ಮುಗಿದ ಮೇಲೆ ಮತ್ತೆ ಓಡಿಸುತ್ತಾನೆ. ಪ್ರೊಸೆಸರು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ.

ನನಗೆ ಇದು ಎಷ್ಟು ಮೋಜೆನಿಸಿತೆಂದರೆ, ಓಡಿಹೋಗಿ ಅಡುಗೆಮನೆಯಲ್ಲಿ ಅವ್ವನಿಗೆ ಹೇಳಿದೆ. ಅವ್ವ ಕಡುಬಿನ ಹಿಟ್ಟು ತೊಳಸುತ್ತಿದ್ದಳು. ನಮ್ಮ ಅವ್ವ ಮಾತು ಕಡಿಮೆಯವಳು. ಅಪ್ಪ ಹೇಳಿದ್ದಕ್ಕೆ ಹೂಂ, ಅಜ್ಜಿ ಹೇಳಿದ್ದಕ್ಕೆ ಹೂಂ. ಮದುವೆಯಾಗಿ ಬಂದ ಮೇಲೆ ಯಾರ ಜೊತೆಯೂ ಇಲ್ಲದೆ ಅವಳು ಗೇಟು ದಾಟಿದ್ದನ್ನು ನಾನು ಕಂಡಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತೊಳಸುವ ಕೋಲು ನಿಲ್ಲಿಸಿದಳು.

“ಹಂಗಾರೆ ನಿಂತಿದ್ದು ಅದಕ್ಕೆ ಗೊತ್ತಾಗಲ್ವಾ?”

“ಹೆಂಗೆ ಗೊತ್ತಾಗ್ತದೆ? ಅದರ ಗಡಿಯಾರಾನೇ ನಿಂತಿರ್ತದಲ್ಲ.”

“ಪುಣ್ಯ ಮಾಡೈತೆ ಬುಡು,” ಎಂದು ಅವ್ವ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಮಾವ ಹಡಗಿಗೆ ವಾಪಸಾದರು. ನಾನು ಅವರು ಬಿಟ್ಟುಹೋದ ಇಂಗ್ಲಿಷ್ ಪುಸ್ತಕವನ್ನೂ ಅಕ್ಕನ ಹಳೇ ಡಿಕ್ಷನರಿಯನ್ನೂ ಹಿಡಿದು ಕೂತೆ. ಕೆಲಸ ಮುಗಿಸಿ ಬಂದು ವಯರು ಸಿಕ್ಕಿಸಿದರೆ ಮಧ್ಯಾಹ್ನದ ಊಟದವರೆಗೆ ನನಗೆ ಲೋಕವೇ ಬೇಡ. ಚೆಂಡು ಗೋಡೆಗೆ ಬಡಿದು ವಾಪಸು ಬರುವ ಆಟ ಬರೆದೆ. ಮಗ್ಗಿ ಕೇಳಿ, ತಪ್ಪಿದರೆ ಬೈಯುವ ಮೇಷ್ಟ್ರನ್ನು ಬರೆದೆ. ಉಳಿಸಿಕೊಳ್ಳಲು ಖಾಲಿ ಕ್ಯಾಸೆಟ್ಟು ಸಿಗದೆ ಅಜ್ಜಿಯ ಹರಿಕಥೆಯ ಕ್ಯಾಸೆಟ್ಟಿನ ಹಿಂಬದಿಗೆ ಆ ಮೇಷ್ಟ್ರನ್ನು ತುಂಬಿಸಿದೆ. ಏಕಾದಶಿಯ ದಿನ ಅಜ್ಜಿ ಭಕ್ತಿಯಿಂದ ಕಣ್ಣು ಮುಚ್ಚಿ ಕೂತು ಕ್ಯಾಸೆಟ್ಟು ಹಾಕಿಸಿಕೊಂಡರೆ, ದಾಸರ ದನಿ ಮುಗಿದು ಕ್ಯಾಸೆಟ್ಟಿನ ಮಗ್ಗುಲು ತಿರುಗಿಸಿದ ಮೇಲೆ ಕಿರ್ರೋ ಎಂದು ಕಿವಿ ಹರಿಯುವ ಚೀತ್ಕಾರ. ನನ್ನ ಮೇಷ್ಟ್ರು ಕ್ಯಾಸೆಟ್ಟಿನಲ್ಲಿ ಉಳಿದದ್ದು ಆ ಸದ್ದಾಗಿಯೇ. ಅಜ್ಜಿ ಎದೆ ಹಿಡಿದುಕೊಂಡು, “ಅಯ್ಯಯ್ಯೋ, ದಾಸರಿಗೆ ಏನೋ ಬಡಕೊಂಡೈತೆ, ನಿಲ್ಲಿಸ್ರೋ!” ಎಂದು ಕೂಗಿದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಆ ನಗುವಿನ ಜೊತೆಗೇ ಅವರಿಗೆ ಒಂದು ಸಮಾಧಾನವೂ ಸಿಕ್ಕಿಬಿಟ್ಟಿತು. ಅದು ನನಗೆ ಗೊತ್ತಾದದ್ದು, ಊರಿನ ಶಾಲೆಯ ಮೇಷ್ಟ್ರು ಒಂದು ಸಂಜೆ ಮನೆಗೆ ಬಂದು, ಜಾಣ ಹುಡುಗಿ, ಬರುವ ವರ್ಷವಾದರೂ ಹೆತ್ತೂರಿಗೆ ಸೇರಿಸಿ ಎಂದು ಹೇಳಿದಾಗ. ನಾನು ನಡುಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೆ. ಮೇಷ್ಟ್ರ ಮಾತಿಗೆ ಅಪ್ಪ ಇಲ್ಲ ಎನ್ನಲಾರರು ಎಂದುಕೊಂಡಿದ್ದೆ.

“ಶಾಲೆ ಮನೆಗೇ ಬಂದೈತೆ ಮೇಷ್ಟ್ರೇ,” ಎಂದರು ಅಪ್ಪ. “ನಿಮ್ಮ ಶಾಲೇಲಿ ಇಲ್ದೇ ಇರೋದು ನಮ್ಮನೇಲಿ ಐತೆ. ಇನ್ಯಾಕೆ ಕಳಿಸ್ಲಿ?”

ಮೇಷ್ಟ್ರು ಕಾಫಿ ಕುಡಿದು ಹೋದರು. ಶಾಲೆಗೆ ದಾರಿಯಾಗಲಿ ಎಂದು ಮಾವ ತಂದುಕೊಟ್ಟ ವಸ್ತುವನ್ನೇ ಅಪ್ಪ ಬಾಗಿಲಿಗೆ ಅಗುಳಿಯಾಗಿ ಹಾಕಿದ್ದರು. ಆ ಸಂಜೆ ನಾನು ಅದನ್ನು ಮುಟ್ಟಲಿಲ್ಲ. ಮರುದಿನ ಮುಟ್ಟಿದೆ. ಬೇರೆ ಏನಿತ್ತು ನನಗೆ?

ಮಳೆ ಬಲವಾಗಿ ಹಿಡಿದ ಮೇಲೆ ಗುಂಡಿಗಳು ಕೈಕೊಡತೊಡಗಿದವು. ಒತ್ತಿದ್ದು ಒಂದು ಬಂದರೆ ಇನ್ನೊಂದು ಬರದು. ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ನಾನು ಊಟಕ್ಕೆ ಕೂತಾಗ, ಕಂಪ್ಯೂಟರಿಗೆ ತೇವ ಹಿಡಿದಿದೆ ಎಂದು ಗೊಣಗಿದೆ. ಅಜ್ಜಿ ಅದನ್ನು ಮನಸ್ಸಿಗೆ ಹಾಕಿಕೊಂಡರು. ನಮ್ಮಲ್ಲಿ ತೇವ ಹಿಡಿದದ್ದಕ್ಕೆಲ್ಲ ಮದ್ದು ಒಂದೇ. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಅದರ ಮೇಲೆ ಬಿದಿರಿನ ದೊಡ್ಡ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಬೆನ್ನಿಗೆ ಒದ್ದೆ ಬಟ್ಟೆ ಹರಡುವುದು. ಆ ಮೂರು ತಿಂಗಳು ನಮ್ಮ ಕಡೆಯ ಜನರ ಮೈಯೆಲ್ಲ ಹೊಗೆಯ ವಾಸನೆ. ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅಜ್ಜಿ ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ, ಅಪ್ಪನ ಬನಿಯನ್ನು ಮತ್ತು ತಮ್ಮ ರವಿಕೆಯ ನಡುವೆ, ಬುಟ್ಟಿಯ ನೆತ್ತಿಯ ಮೇಲೆ ಮಲಗಿಸಿದ್ದರು. ಮೇಲೆ ಒಂದು ಟವಲು ಹೊದಿಸಿದ್ದರು, ಶಾಖ ಹೊರಗೆ ಹೋಗದಿರಲಿ ಎಂದು.

ಸುಟ್ಟ ರಬ್ಬರಿನ ವಾಸನೆ ನನ್ನ ಮೂಗಿಗೆ ಬಡಿದಾಗ ನಾನು ಇಟ್ಟ ಕೂಗಿಗೆ ಅವ್ವ ಸೌಟು ಹಿಡಿದೇ ಓಡಿಬಂದಳು. ಪೆಟ್ಟಿಗೆಯ ಒಂದು ಮೂಲೆ ಸೊಟ್ಟಗಾಗಿತ್ತು. ತಣ್ಣಗಾಗಲು ಬಿಟ್ಟು ಆಮೇಲೆ ವಯರು ಸಿಕ್ಕಿಸಿದರೆ ಪರದೆಯ ಮೇಲೆ ಎಂದಿನ ಬಿಳುಪು ಬಂತು, ಆದರೆ ಯಾವ ಗುಂಡಿಯೂ ಕೆಲಸ ಮಾಡಲಿಲ್ಲ.

“ಒಳ್ಳೇದಾಗ್ಲಿ ಅಂತ ಮಾಡ್ದೆ ಕಣೆ ಕೂಸೆ,” ಎಂದು ಅಜ್ಜಿ ಅಳತೊಡಗಿದರು. “ನಿನ್ನವ್ವನ ಬಾಣಂತನದಲ್ಲೂ ನಿನ್ನ ಬಟ್ಟೆ ಹಂಗೇ ಒಣಗಿಸಿದ್ನಲ್ಲ.”

ಅಜ್ಜಿಯನ್ನು ಬೈದು ಪ್ರಯೋಜನವಿಲ್ಲವೆಂದು ಪೆಟ್ಟಿಗೆ ಬಿಚ್ಚಲು ಕೂತೆ. ಅಪ್ಪನ ಜೀಪಿನ ಸ್ಕ್ರೂಡ್ರೈವರು ದಪ್ಪವಾಯಿತು. ಅವ್ವ ಹೊಲಿಗೆ ಮಿಷನ್ನಿನ ಸಣ್ಣ ಸ್ಕ್ರೂಡ್ರೈವರು ತಂದು ನನ್ನ ಕೈಗಿಟ್ಟು ಪಕ್ಕದಲ್ಲೇ ಕೂತಳು. ಮೇಲಿನ ಮುಚ್ಚಳ ಎತ್ತಿದಾಗ ನಾವಿಬ್ಬರೂ ಒಟ್ಟಿಗೆ ಬಗ್ಗಿ ನೋಡಿದೆವು. ಹಸಿರು ಹಲಗೆ, ಅದರ ಮೇಲೆ ಕಪ್ಪು ಜರಿಹುಳುಗಳಂತೆ ಮಲಗಿದ್ದ ಚಿಪ್ಪುಗಳು, ಟೀವಿಗೆ ಚಿತ್ರ ಕಳಿಸುವ ತಗಡಿನ ಡಬ್ಬಿ, ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ತಗಡು. ಮಾವ ಬರೆದ ಚೌಕಗಳೆಲ್ಲ ಅಲ್ಲಿ ನಿಜವಾಗಿ ಇದ್ದವು. ಯಜಮಾನ ಯಾರು, ನಿಂತು ಕಾಯುವವನು ಯಾರು ಎಂದು ಅವ್ವನಿಗೆ ಬೆರಳು ಮಾಡಿ ತೋರಿಸಿದೆ. ಗುಂಡಿಗಳ ಕೆಳಗಿದ್ದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಿಂದ ಎರಡು ಪಟ್ಟಿಗಳು ಬಂದು ಹಲಗೆಗೆ ಸಿಕ್ಕಿಕೊಂಡಿದ್ದವು. ಗುಂಡಿ ಒತ್ತಿದ ಸುದ್ದಿ ಒಳಗೆ ಹೋಗುವುದು ಆ ಪಟ್ಟಿಗಳ ಮೂಲಕ. ಕೆಂಡದ ಶಾಖಕ್ಕೆ ಅವು ಹಪ್ಪಳವಾಗಿದ್ದವು. ನಾನು ಮುಟ್ಟಿದ್ದೇ ತಡ, ತುದಿಯಲ್ಲಿ ಮುರಿದುಹೋದವು.

ಎಷ್ಟೋ ಹೊತ್ತು ನೋಡುತ್ತಾ ಕೂತ ಮೇಲೆ, ಪಟ್ಟಿಗಳಲ್ಲಿ ಇನ್ನೂ ಸ್ವಲ್ಪ ಉದ್ದ ಉಳಿದಿರುವುದು ಕಂಡಿತು. ಅವ್ವನ ಹೊಲಿಗೆ ಕತ್ತರಿಯಿಂದ ಮುರಿದ ತುದಿಗಳನ್ನು ನೇರಕ್ಕೆ ಕತ್ತರಿಸಿ, ಉಸಿರು ಬಿಗಿಹಿಡಿದು ಮತ್ತೆ ಸಿಕ್ಕಿಸಿದೆ. ವಯರು ಕೊಟ್ಟು ಒಂದು ಗುಂಡಿ ಒತ್ತಿದೆ. ಪದ ಬಂತು. ನಾನು ಅವ್ವನ ಕೊರಳಿಗೆ ಜೋತುಬಿದ್ದೆ. ಅವ್ವ ನಗುತ್ತಿದ್ದಳು. ಆದರೆ ನನ್ನ ಮುಖವನ್ನು ಅವಳು ಆಗ ನೋಡಿದ ರೀತಿ ಬೇರೆಯಾಗಿತ್ತು. ಎಲ್ಲೋ ಹೋಗಿ ಓದಬೇಕಾದ ಮಗಳು ಇಲ್ಲೇ ಕೂತಿದ್ದಾಳಲ್ಲ ಎನ್ನುವ ಹಾಗೆ. ಇದು ಈಗ ನನಗೆ ಅನ್ನಿಸುವ ಮಾತು. ಆಗ ಅವಳಿಗೆ ಹೊಗೆಯಿಂದ ಕಣ್ಣುರಿ ಎಂದುಕೊಂಡಿದ್ದೆ.

ರಿಪೇರಿಯ ಸುದ್ದಿ ಅಪ್ಪನ ಬಾಯಲ್ಲಿ ಊರೆಲ್ಲ ಹಬ್ಬಿತು. ತೋಟದವರು, ನೆಂಟರು, ಕಾಫಿ ಕೊಳ್ಳಲು ಬಂದ ವ್ಯಾಪಾರಿಗಳು, ಎಲ್ಲರನ್ನೂ ನಡುಕೋಣೆಯ ಬಾಗಿಲವರೆಗೆ ಕರೆತಂದು ತೋರಿಸುತ್ತಿದ್ದರು. ನಾನು ಬೆನ್ನು ಮಾಡಿ ಕೂತು ಗುಂಡಿ ಒತ್ತಬೇಕು. ಅವರು ಹೊಸಿಲಾಚೆ ನಿಂತು ಪರದೆ ನೋಡಬೇಕು. ‘ಎಂಟನೇ ಕ್ಲಾಸೂ ಓದಿಲ್ಲ ಕಣ್ರೀ, ಮನೇಲೇ ಕೂತು ಇಷ್ಟು ಕಲಿತವ್ಳೆ’ ಎಂದು ಅಪ್ಪ ಹೇಳಿದಾಗ ನನಗೆ ಬೆನ್ನು ಮೂಳೆಯವರೆಗೂ ಬಿಸಿಯಾಗುತ್ತಿತ್ತು. ಅದು ಹೆಮ್ಮೆಯೋ ಅವಮಾನವೋ ಗೊತ್ತಾಗುತ್ತಿರಲಿಲ್ಲ. ಒಂದು ಮಾತ್ರ ನಿಧಾನವಾಗಿ ಅರ್ಥವಾಯಿತು. ನಾನು ಹೆಚ್ಚು ಕಲಿತಷ್ಟೂ ಹೊರಗೆ ಹೋಗುವ ಕಾರಣ ಕಡಿಮೆಯಾಗುತ್ತಿತ್ತು. ಕಲಿಯದೆ ಇರೋಣವೆಂದರೆ ಅದು ನನ್ನಿಂದ ಆಗದು. ಹೊರಗೆ ಹುಡುಗಿಯರು ಇಳಿದುಹೋಗುವ ಸದ್ದು ಕೇಳಿಸದಿರಲಿ ಎಂದು ಬೆಳಗಿನ ಹೊತ್ತು ಕಿಟಕಿಯ ಕದ ಮುಚ್ಚತೊಡಗಿದೆ. ಪರದೆ ಚೆನ್ನಾಗಿ ಕಾಣಲು ಕತ್ತಲೆ ಬೇಕು ಎಂದು ಮನೆಯವರಿಗೆ ಹೇಳಿದೆ. ಕೊರೆಯುವ ಚಳಿಯಲ್ಲಿ ಪೆಟ್ಟಿಗೆಯ ಬಿಸಿಯಾದ ಭಾಗದ ಮೇಲೆ ಬೆರಳು ಇಟ್ಟು ಕಾಯಿಸಿಕೊಳ್ಳುತ್ತಿದ್ದೆ. ಆ ಕೋಣೆಯಲ್ಲಿ ನನಗೆ ಬೇಕಾದದ್ದೆಲ್ಲ ಇದೆ ಎಂದು ನನಗೇ ಅನ್ನಿಸತೊಡಗಿತ್ತು.

ಕಾಫಿ ಕೊಯ್ಲಿನ ಹೊತ್ತಿಗೆ ಮಾವ ಮತ್ತೆ ರಜೆಗೆ ಬಂದರು. ಅವ್ವ ಕಡುಬು, ಕೋಳಿಸಾರು ಮಾಡಿದ್ದಳು. ಅಪ್ಪ, ಮಾವ ಪಡಸಾಲೆಯಲ್ಲಿ ಉಣ್ಣಲು ಕೂತಿದ್ದರು. ಅಜ್ಜಿ ಗೋಡೆಗೊರಗಿದ್ದರು, ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ.

“ಮುಂದಿನ ಸಲ ಇದಕ್ಕಿಂತ ದೊಡ್ಡದು ತಗೊಂಬಾರೋ ಮಾರಾಯ,” ಎಂದರು ಅಪ್ಪ, ಮಾವನ ತಟ್ಟೆಗೆ ಸಾರು ಹಾಕಿಸುತ್ತ. “ಇದನ್ನ ಅರೆದು ಕುಡಿದುಬುಟ್ಟವ್ಳೆ. ಮದುವೆ ಆಗೋಗಂಟ ಮನೇಲೇ ಕೂತು ಕಲೀಲಿ.”

“ತರ್ತೀನಿ ಬಾವ. ಆದ್ರೆ ಶಾಲೆ...”

“ಶಾಲೇಲಿ ಇದನ್ನ ಯಾವ ಮೇಷ್ಟ್ರು ಹೇಳ್ಕೊಡ್ತಾನೆ ಹೇಳು? ಹೆತ್ತೂರಲ್ಲಿ ಐತಾ ಇದು?”

ಅವ್ವ ಸೌಟನ್ನು ಪಾತ್ರೆಯಲ್ಲಿಟ್ಟು ನಡುಕೋಣೆಗೆ ಹೋದಳು. ವಯರು ಕಿತ್ತ ಸದ್ದು ಕೇಳಿಸಿತು. ಟವಲಿನಲ್ಲಿ ಸುತ್ತಿದ ಕಂಪ್ಯೂಟರನ್ನು ಎರಡೂ ಕೈಯಲ್ಲಿ ಹಿಡಿದು ತಂದು, ತಮ್ಮನ ತಟ್ಟೆಯ ಪಕ್ಕ ನೆಲದ ಮೇಲಿಟ್ಟಳು.

“ಇದನ್ನ ವಾಪಸ್ ತಗೊಂಡೋಗು ರಮೇಶ.”

“ಯಾಕಕ್ಕ? ಕೆಟ್ಟೋಯ್ತಾ?”

“ಕೆಟ್ಟಿಲ್ಲ, ಚೆನ್ನಾಗೈತೆ. ಅದಕ್ಕೇ ತಗೊಂಡೋಗು ಅಂತಿರೋದು. ಇದು ಈ ಮನೇಲಿ ಇರೋಗಂಟ ನನ್ನ ಮಗಳು ಗೇಟು ದಾಟಲ್ಲ.”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅವ್ವ ಅವರ ಎದುರು ಅಷ್ಟು ಉದ್ದ ಮಾತಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

“ಏನೇ ಬಂತು ನಿಂಗೆ? ಒಬ್ಳು ಕಾಲೇಜಿಗೆ ಅಂತ ಹೋಗಿ ಓಡೋಗ್ಬುಟ್ಟಿದ್ದು ಮರ್ತೋಯ್ತಾ?”

“ಸುಮಿತ್ರ ಓಡೋಗಿದ್ದು ಕಾಲೇಜಿ‍ಂದಲ್ಲ,” ಎಂದಳು ಅವ್ವ. “ಈ ಮನೆಯಿಂದ.”

ಆ ಹೆಸರು ನಮ್ಮ ಪಡಸಾಲೆಯಲ್ಲಿ ಮತ್ತೆ ಕೇಳಿಬಂದದ್ದು ಆಗಲೇ. ಅಜ್ಜಿ ಸೆರಗು ಬಾಯಿಗೊತ್ತಿಕೊಂಡರು. ನಾನು ಕುಣಿದಾಡಬೇಕಿತ್ತು. ನನಗಾಗಿ ಅವ್ವ ಅಷ್ಟು ಮಾಡುತ್ತಿದ್ದಳು. ಆದರೆ ನಾನು ಚೊಂಬನ್ನು ಬಿಸಾಕಿ ಓಡಿಹೋಗಿ ಆ ಟವಲಿನ ಗಂಟನ್ನು ತಬ್ಬಿಕೊಂಡು ಕಿರುಚಿದೆ.

“ನಂಗೆ ಶಾಲೆ ಬೇಡ! ನಾನು ಮನೇಲೇ ಇರ್ತೀನಿ! ನಂಗೆ ಎಲ್ಲೂ ಹೋಗೋದು ಬೇಡ!”

“ನೋಡು, ಅವ್ಳೇ ಹೇಳ್ತಾವ್ಳೆ,” ಎಂದರು ಅಪ್ಪ.

ಅವ್ವ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ನಾನು ಅವಳ ಕೈ ಪರಚಿದೆ. ರಕ್ತ ಬಂತು. ಅವಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಹೇಳ್ತಾಳೆ,” ಎಂದಳು ಅಪ್ಪನಿಗೆ, ತಲೆಯೆತ್ತದೆ. “ನಾನೂ ಹಂಗೇ ಹೇಳ್ತಿದ್ದೆ.”

ಮಾವ ಮರುದಿನ ಬೆಳಗ್ಗೆ ಅದನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಮುಖ ನೋಡದೆ ಹೊರಟರು. ಮಂಚದ ಪಕ್ಕದ ಮೇಜಿನ ಮೇಲೆ ಟೀವಿ ಒಂದೇ ಉಳಿಯಿತು. ಅಪ್ಪ ಅದನ್ನು ಪಡಸಾಲೆಗೆ ಸಾಗಿಸಲಿಲ್ಲ, ಹಾಕಿ ನೋಡಲೂ ಇಲ್ಲ. ಅವ್ವ ಮತ್ತೆ ಹೂಂ ಎನ್ನುವ ಹೆಂಗಸಾದಳು. ಒಂದು ವ್ಯತ್ಯಾಸವೆಂದರೆ ಶಾಲೆಯ ಮಾತು ಬಂದಾಗ ಮಾತ್ರ ಅವಳು ಹೂಂ ಎನ್ನುತ್ತಿರಲಿಲ್ಲ. ನಾನು ಅವಳ ಜೊತೆ ಮಾತು ಬಿಟ್ಟೆ. ಜಗತ್ತಿನಲ್ಲಿ ನನ್ನದು ಎಂದು ಇದ್ದ ಒಂದೇ ಒಂದು ವಸ್ತುವನ್ನು ಕಿತ್ತುಕೊಂಡವಳು ಎಂದು ಅವಳು ಬಡಿಸಿದ್ದನ್ನು ತಿನ್ನದೆ, ಅಜ್ಜಿಯ ಕೈಯಲ್ಲಿ ಬಡಿಸಿಕೊಂಡು ತಿಂದೆ. ಕೆಲಸವಿಲ್ಲದ ಬೆರಳುಗಳು ಮಂಚದ ಅಂಚಿನ ಮೇಲೆ ತಾವೇ ಗುಂಡಿ ಒತ್ತುತ್ತಿದ್ದವು. ಕೊನೆಗೆ ಕಿಟಕಿಯ ಕದ ತೆರೆಯಲೇಬೇಕಾಯಿತು. ಇಡೀ ದಿನ ಮುಚ್ಚಿದ ಕದ ನೋಡುತ್ತ ಕೂರಲು ಸಾಧ್ಯವಿರಲಿಲ್ಲ. ಆ ಬೇಸಿಗೆಯಲ್ಲಿ ನಾನು ಆ ಕಲ್ಲುದಾರಿಯನ್ನು ನೋಡಿದಷ್ಟು ಯಾವತ್ತೂ ನೋಡಿರಲಿಲ್ಲ.

ಜೂನ್ ಬಂದಾಗ ಅಪ್ಪ ಸೋತರು. ಸೋತೆ ಎಂದು ಹೇಳಲಿಲ್ಲ. ಊಟದ ಮಧ್ಯೆ, ಯಾರನ್ನೂ ನೋಡದೆ, “ಹೋಗೋದಾದ್ರೆ ಜೊತೇಲಿ ಯಾರಾದ್ರೂ ಇರ್ಬೇಕು. ಒಬ್ಳೇ ಜೀಪ್ ಹತ್ತೋದು ಬ್ಯಾಡ” ಎಂದರಷ್ಟೆ. ತೋಟದಲ್ಲಿ ಕೆಲಸದ ಕಾಲ, ಅವರಿಗೆ ಬಿಡುವಿಲ್ಲ. ಅಜ್ಜಿಗೆ ಮಂಡಿ ನೋವು.

“ನಾನು ಹೋಗ್ತೀನಿ,” ಎಂದಳು ಅವ್ವ.

ಬೆಳಗ್ಗೆ ಅವಳು ಪೆಟ್ಟಿಗೆಯಿಂದ ಮದುವೆಮನೆಗೆ ಉಡುವ ಸೀರೆ ತೆಗೆದು ಉಟ್ಟು, ಅಕ್ಕ ಬಿಟ್ಟುಹೋಗಿದ್ದ ಚಪ್ಪಲಿ ಮೆಟ್ಟಿದಳು. ಅವಳಿಗೆ ತನ್ನದೆಂಬ ಒಳ್ಳೆಯ ಚಪ್ಪಲಿ ಇರಲಿಲ್ಲ. ಇಬ್ಬರೂ ಗೇಟು ದಾಟಿ ಕಲ್ಲುದಾರಿಯಲ್ಲಿ ಇಳಿದೆವು. ರಸ್ತೆಗೆ ಬಂದೆವು. ಒಂದು ವರ್ಷ ನಾಲ್ಕು ಗೋಡೆಯೊಳಗೆ ಕೂತವಳಿಗೆ ಆಕಾಶ ಅಷ್ಟು ದೊಡ್ಡದಿರುವುದೇ ಹೆದರಿಕೆಯಾಗಿತ್ತು. ನನಗಿಂತ ಚಿಕ್ಕ ಹುಡುಗಿಯರ ಜೊತೆ ಎಂಟನೇ ಕ್ಲಾಸಿನಲ್ಲಿ ಕೂರಬೇಕು ಎಂಬುದೂ ನೆನಪಾಯಿತು. ಗೊತ್ತಿಲ್ಲದೆ ಅವ್ವನ ಸೆರಗು ಹಿಡಿದುಕೊಂಡೆ. ಸಿಟ್ಟು ಇದ್ದದ್ದು ಇತ್ತು. ಆದರೆ ಅವಳು ಜೊತೆಗಿದ್ದಾಳೆ ಎನ್ನುವುದೊಂದೇ ಆ ಹೊತ್ತಿನ ಧೈರ್ಯ. ತಿರುವಿನಲ್ಲಿ ಜೀಪು ಏರಿ ಬಂತು. ಒಳಗೆ ಹಾಲಿನ ಕ್ಯಾನು, ಕೆಲಸಕ್ಕೆ ಹೊರಟ ಹೆಂಗಸರು, ನೀಲಿ ಲಂಗದ ಹುಡುಗಿಯರು ಒತ್ತೊತ್ತಾಗಿ ಕೂತಿದ್ದರು. ನರೆತ ಮೀಸೆಯ ಡ್ರೈವರು ತಲೆ ಹೊರಗೆ ಹಾಕಿದ.

“ಇಬ್ರೂ ಬತ್ತೀರೇನವ್ವಾ?”

ಅವ್ವ ನನ್ನ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು, ಬೆನ್ನಿಗೆ ಕೈಕೊಟ್ಟು ನನ್ನನ್ನು ಜೀಪಿಗೆ ಹತ್ತಿಸಿದಳು. ನಾನು ಕೂತು ಅವಳಿಗೆ ಜಾಗ ಬಿಟ್ಟೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು ರಸ್ತೆಯ ಅಂಚಿನಲ್ಲಿ ನಿಂತಳು.

“ಇಲ್ಲ ಕಣಪ್ಪ,” ಎಂದಳು. “ಇವ್ಳೊಬ್ಳೇ.”